ಇನ್ನೂರು ಯೂನಿಟ್‌ನ ಗೆರೆ ಮತ್ತು ನಮ್ಮನೆ ಕಾರು

ಎಲೆಕ್ಟ್ರಿಕ್ ಕಾರು ತಗೊಳ್ಳಬೇಕು ಅಂತ ಯೋಚನೆ ಮಾಡುವವರು ಮೊದಲು ಕೇಳುವುದು ಒಂದೇ ಪ್ರಶ್ನೆ. ಕಿಲೋಮೀಟರ್‌ಗೆ ಎಷ್ಟು ಬೀಳುತ್ತೆ? ಎಲ್ಲರ ಬಾಯಲ್ಲೂ ಬರುವ ಉತ್ತರ ಕೂಡ ಒಂದೇ. ಮನೆಯಲ್ಲಿ ಚಾರ್ಜ್ ಮಾಡಿದರೆ ಒಂದು ರೂಪಾಯಿ, ಅಥವಾ ಅದಕ್ಕಿಂತ ಸ್ವಲ್ಪ ಕಡಿಮೆ. ನಾನು ಕೆಲಸ ಮಾಡುವುದು ಒಂದು ಕಾರ್ಖಾನೆಯ ಅಕೌಂಟ್ಸ್ ವಿಭಾಗದಲ್ಲಿ. ಯಾರಾದರೂ ಒಂದು ಮೊತ್ತ ಹೇಳಿದರೆ ಅದು ಹೇಗೆ ಬಂತು ಅಂತ ಬಿಡಿಸಿ ನೋಡದೆ ನನಗೆ ಸಮಾಧಾನ ಇಲ್ಲ. ಇದನ್ನೂ ಬಿಡಿಸಿ ನೋಡಿದೆ. ಕರೆಂಟಿನ ಯೂನಿಟ್ ದರವನ್ನು ತಗೊಂಡು, ಒಂದು ಯೂನಿಟ್‌ಗೆ ಕಾರು ಎಷ್ಟು ದೂರ ಓಡುತ್ತದೆ ಅನ್ನುವುದರಿಂದ ಭಾಗಿಸಿದರೆ ಆ ಉತ್ತರ ಬರುತ್ತದೆ. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಕರ್ನಾಟಕದ ಬಹಳಷ್ಟು ಮನೆಗಳಿಗೆ ಆ ಲೆಕ್ಕ ಹೊಂದುವುದಿಲ್ಲ. ಯಾಕೆ ಹೊಂದುವುದಿಲ್ಲ, ನಮ್ಮನೆಯಲ್ಲಿ ಅದು ಹೇಗೆ ಗೊತ್ತಾಯಿತು, ಆಮೇಲೆ ಏನು ಮಾಡಿದೆವು ಅನ್ನುವುದನ್ನು ಬರೆಯುತ್ತಿದ್ದೇನೆ. ಕಾರು ತಗೊಳ್ಳುವ ಮೊದಲೇ ಇದು ಗೊತ್ತಿದ್ದರೆ ಯಾರಿಗಾದರೂ ದುಡ್ಡು ಉಳಿಯುತ್ತದೆ.

ನಮ್ಮ ಮನೆ ತುಮಕೂರಿನ ಕ್ಯಾತ್ಸಂದ್ರದಲ್ಲಿ. ಕಾರ್ಖಾನೆ ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ. ಹೋಗಿ ಬರಲು ದಿನಕ್ಕೆ ಐವತ್ತು ಕಿಲೋಮೀಟರ್ ಹತ್ತಿರ ಆಗುತ್ತದೆ. ವಾರದ ಕೊನೆಯ ಓಡಾಟವೂ ಸೇರಿದರೆ ತಿಂಗಳಿಗೆ ಸುಮಾರು 1,200 ಕಿಲೋಮೀಟರ್. ಹಳೇ ಪೆಟ್ರೋಲ್ ಕಾರು ಲೀಟರಿಗೆ 15 ಕೊಡುತ್ತಿತ್ತು. ಅಂದರೆ ತಿಂಗಳಿಗೆ 80 ಲೀಟರ್, ಎಂಟು ಸಾವಿರಕ್ಕಿಂತ ಜಾಸ್ತಿ. ನನ್ನ ಸಂಬಳದಲ್ಲಿ ಅದು ಸಣ್ಣ ಮೊತ್ತ ಅಲ್ಲ. ಹಾಗಾಗಿ 2024ರ ನವೆಂಬರ್‌ನಲ್ಲಿ ಒಂದು ಸಣ್ಣ ಎಲೆಕ್ಟ್ರಿಕ್ ಹ್ಯಾಚ್‌ಬ್ಯಾಕ್ ತಗೊಂಡೆವು. ಬ್ಯಾಟರಿ 24 ಯೂನಿಟ್‌ನದು. ಇಲ್ಲಿ ಯೂನಿಟ್ ಅಂದರೆ ಕರೆಂಟ್ ಬಿಲ್‌ನಲ್ಲಿ ಇರುವ ಅದೇ ಯೂನಿಟ್, ಒಂದು ಕಿಲೋವ್ಯಾಟ್ ಅವರ್. ಒಮ್ಮೆ ಪೂರ್ತಿ ತುಂಬಿಸಿದರೆ ಹೈವೇ ಮೇಲೆ ಎಪ್ಪತ್ತರ ವೇಗದಲ್ಲಿ ಇನ್ನೂರು ಕಿಲೋಮೀಟರ್ ದಾಟುತ್ತದೆ. ಬೆಂಗಳೂರಿಗೆ ಹೋಗಿ ವಾಪಸ್ ಬರಲು ಸಾಕು.

ಮೊದಲ ಖರ್ಚು ಬಂದಿದ್ದು ಕರೆಂಟಿನಿಂದ ಅಲ್ಲ, ಅರ್ಥಿಂಗ್‌ನಿಂದ. ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ತಂತಿಯಿಂದ.

ಕಾರಿನ ಜೊತೆ ಬರುವ ಚಾರ್ಜರ್ ಕೇಬಲ್ಲನ್ನು 15 ಆಂಪ್ಸ್ ಪ್ಲಗ್‌ಗೆ, ಅಂದರೆ ಗೀಸರ್‌ಗೆ ಹಾಕುವಂಥ ದೊಡ್ಡ ಪ್ಲಗ್‌ಗೆ ಸಿಕ್ಕಿಸಬೇಕು. ಕೇಬಲ್ ಮಧ್ಯೆ ಒಂದು ಪೆಟ್ಟಿಗೆ ಇರುತ್ತದೆ. ಅದು ಮೊದಲು ಅರ್ಥ್ ಸರಿ ಇದೆಯಾ ಅಂತ ಪರೀಕ್ಷೆ ಮಾಡುತ್ತದೆ. ಸರಿ ಇಲ್ಲದಿದ್ದರೆ ಕೆಂಪು ದೀಪ ಹಾಕಿಕೊಂಡು ಸುಮ್ಮನಾಗುತ್ತದೆ, ಚಾರ್ಜ್ ಆಗುವುದೇ ಇಲ್ಲ. ನಮ್ಮ ಮನೆಯಲ್ಲಿ ಅದೇ ಆಯಿತು. ಹಳೇ ಮನೆ. ಗೀಸರ್, ಫ್ರಿಜ್ಜು, ಮಿಕ್ಸಿ ಎಲ್ಲ ವರ್ಷಗಟ್ಟಲೆ ಅದೇ ಪ್ಲಗ್‌ಗಳಲ್ಲಿ ನಡೆಯುತ್ತಿದ್ದವು. ಯಾರಿಗೂ ಅನುಮಾನ ಬಂದಿರಲಿಲ್ಲ.

ಎಲೆಕ್ಟ್ರಿಷಿಯನ್ ಹುಡುಗ ಬಂದು ನ್ಯೂಟ್ರಲ್‌ಗೂ ಅರ್ಥ್‌ಗೂ ಮಧ್ಯೆ ಮೀಟರ್ ಇಟ್ಟು ನೋಡಿದ. ಒಂದೆರಡು ವೋಲ್ಟ್ ಇರಬೇಕಾದ ಕಡೆ ಹದಿನಾಲ್ಕು ತೋರಿಸಿತು. "ಅಕ್ಕಾ, ಅರ್ಥ್ ವಯರ್ ಎಲ್ಲಿ ಹೋಗಿದೆ ನೋಡೋಣ ಬನ್ನಿ" ಅಂತ ಹಿತ್ತಲಿಗೆ ಕರೆದುಕೊಂಡು ಹೋದ. ಮನೆ ಕಟ್ಟುವಾಗ ಅರ್ಥ್ ತಂತಿಯನ್ನು ನೀರಿನ ಕಬ್ಬಿಣದ ಪೈಪಿಗೆ ಸುತ್ತಿದ್ದರು. ಆಗ ಪೈಪು ನೆಲದೊಳಗೆ ಹೋಗಿತ್ತು, ಹಾಗಾಗಿ ಅರ್ಥ್ ಇತ್ತು. ಆಮೇಲೆ ಯಾವತ್ತೋ ಪೈಪು ತುಕ್ಕು ಹಿಡಿದು, ನೆಲದೊಳಗಿನ ಭಾಗಕ್ಕೆ ಪಿವಿಸಿ ಹಾಕಿಸಿದ್ದರು. ತಂತಿ ಮಾತ್ರ ಮೇಲೆ ಉಳಿದ ಕಬ್ಬಿಣದ ತುಂಡಿಗೆ ಹಾಗೇ ಸುತ್ತಿಕೊಂಡಿತ್ತು. ಅಷ್ಟು ವರ್ಷ ನಮ್ಮ ಮನೆಗೆ ಅರ್ಥಿಂಗ್ ಇರಲೇ ಇಲ್ಲ. ಅತ್ತೆ ಒದ್ದೆ ಕೈಯಲ್ಲಿ ಗ್ರೈಂಡರ್ ಮುಟ್ಟಿ "ಜುಮ್ ಅನ್ನುತ್ತೆ" ಅಂತ ಹೇಳುತ್ತಿದ್ದದ್ದು ನೆನಪಾಗಿ ಎದೆ ಧಸಕ್ ಅಂದಿತು. ಹಳೇ ಮನೆಯಲ್ಲಿ ಇರುವವರು ಕಾರು ತಗೊಳ್ಳಲಿ ಬಿಡಲಿ, ಇದೊಂದನ್ನು ಪರೀಕ್ಷೆ ಮಾಡಿಸಿ.

ಹೊಸದಾಗಿ ಗುಂಡಿ ತೆಗೆಸಿದೆವು. ಎಂಟು ಅಡಿ ಆಳ, ಜಿಐ ಪೈಪು, ಸುತ್ತ ಇದ್ದಿಲು, ಉಪ್ಪು. ಬೇಸಿಗೆಯಲ್ಲಿ ಆಗಾಗ ನೀರು ಸುರಿಯಬೇಕು, ಇಲ್ಲದಿದ್ದರೆ ನಮ್ಮ ಕಡೆಯ ಒಣ ಮಣ್ಣಿನಲ್ಲಿ ಅರ್ಥ್ ಹಿಡಿಯುವುದಿಲ್ಲ. ಇದಕ್ಕೆ ನಾಲ್ಕೂವರೆ ಸಾವಿರ ಆಯಿತು. ಮೇನ್ ಬೋರ್ಡಿನಿಂದ ಕಾರು ನಿಲ್ಲಿಸುವ ಜಾಗದವರೆಗೆ ಪ್ರತ್ಯೇಕ ಲೈನ್ ಎಳೆಸಿದೆವು. 4 ಚದರ ಮಿಲಿಮೀಟರ್‌ನ ತಾಮ್ರದ ವಯರು, ಲೋಡ್ ಜಾಸ್ತಿಯಾದರೆ ತಾನೇ ಆಫ್ ಆಗುವ 20 ಆಂಪ್ಸ್ ಎಂಸಿಬಿ, ಕರೆಂಟು ಸೋರಿದರೆ ಆಫ್ ಆಗುವ 30 ಮಿಲಿಆಂಪ್ಸ್ ಆರ್‌ಸಿಸಿಬಿ, ಒಳ್ಳೇ ಕಂಪನಿಯ ಸಾಕೆಟ್ಟು. ಮಾಮೂಲಿ ಪ್ಲಗ್ ಪಾಯಿಂಟ್ ಸಾಲುವುದಿಲ್ಲವಾ ಅಂತ ನಮ್ಮನೆಯವರು ಕೇಳಿದರು. ಗೀಸರ್ ಕಾಲು ಗಂಟೆ ಓಡಿ ನಿಲ್ಲುತ್ತದೆ. ಕಾರು ರಾತ್ರಿಯಿಡೀ ಎಂಟು ಗಂಟೆ ಒಂದೇ ಸಮ ಕರೆಂಟು ಎಳೆಯುತ್ತದೆ. ಸಡಿಲವಾದ ಸಾಕೆಟ್ಟು, ತೆಳು ವಯರು ಇದ್ದರೆ ಬಿಸಿಯಾಗಿ ಕರಗುತ್ತದೆ. ಇದರಲ್ಲಿ ಉಳಿಸಲು ಹೋಗಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಈ ಲೈನಿಗೆ ಒಂಬತ್ತು ಸಾವಿರ ಖರ್ಚಾಯಿತು.

ಅದೇ ಲೈನಿನಲ್ಲಿ ಒಂದು ಸಣ್ಣ ಸಬ್ ಮೀಟರ್ ಕೂಡ ಹಾಕಿಸಿದೆ. ಬಾಡಿಗೆ ಮನೆಗಳಿಗೆ ಹಾಕುತ್ತಾರಲ್ಲ, ಅಂಥದ್ದು. ಸಾವಿರ ರೂಪಾಯಿಯ ಒಳಗೆ ಸಿಗುತ್ತದೆ. ಕಾರಿನ ಪರದೆ ತೋರಿಸುವುದು ಬ್ಯಾಟರಿಯ ಒಳಗೆ ಹೋದ ಯೂನಿಟ್. ನಾವು ದುಡ್ಡು ಕಟ್ಟುವುದು ಗೋಡೆಯಿಂದ ಹೊರಟ ಯೂನಿಟ್‌ಗೆ. ಇವೆರಡೂ ಒಂದೇ ಅಲ್ಲ. ನಮ್ಮ ಕಾರಿಗೆ 20 ಯೂನಿಟ್ ತುಂಬಿದಾಗ ಸಬ್ ಮೀಟರ್ 23 ಓಡಿರುತ್ತದೆ. ಮನೆಗೆ ಬರುವ ಎಸಿ ಕರೆಂಟನ್ನು ಬ್ಯಾಟರಿಗೆ ಬೇಕಾದ ಡಿಸಿ ಮಾಡುವಾಗ ಒಂದಷ್ಟು ಶಾಖವಾಗಿ ಹೋಗುತ್ತದೆ. ವಯರಿನಲ್ಲಿ ಒಂದಷ್ಟು ಹೋಗುತ್ತದೆ. ಚಾರ್ಜ್ ಆಗುವಷ್ಟು ಹೊತ್ತೂ ಕಾರಿನೊಳಗಿನ ಎಲೆಕ್ಟ್ರಾನಿಕ್ಸ್ ಎಚ್ಚರವಾಗಿರಬೇಕು, ಅದಕ್ಕೂ ಕರೆಂಟು ಬೇಕು. ಪರದೆಯ ಪ್ರಕಾರ ಕಾರು ಯೂನಿಟ್‌ಗೆ 9 ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ ಓಡುತ್ತದೆ. ಗೋಡೆಯ ಲೆಕ್ಕದಲ್ಲಿ ಬರುವುದು 8. ಹಾಗಾಗಿ 1,200 ಕಿಲೋಮೀಟರ್‌ಗೆ 150 ಯೂನಿಟ್ ಬೇಕು.

ಈಗ ಬಿಲ್ಲಿನ ವಿಷಯ. ಇಡೀ ಕಥೆ ಇರುವುದೇ ಇಲ್ಲಿ.

2024ರ ಏಪ್ರಿಲ್‌ನಿಂದ ಮನೆಗಳಿಗೆ ಒಂದೇ ದರ ಇತ್ತು, ಯೂನಿಟ್‌ಗೆ 5 ರೂಪಾಯಿ 90 ಪೈಸೆ. ಅದರ ಮೇಲೆ ಶೇ 9 ತೆರಿಗೆ. 150 ಯೂನಿಟ್‌ಗೆ 965 ರೂಪಾಯಿ ಆಗುತ್ತದೆ. ಕಿಲೋಮೀಟರ್‌ಗೆ 80 ಪೈಸೆ. ಎಲ್ಲರೂ ಹೇಳುವ ಒಂದು ರೂಪಾಯಿಯ ಒಳಗೇ ಇದೆ. ಆದರೆ ಕಾರು ಬರುವ ಮೊದಲು ನಮ್ಮ ಮನೆಯ ಬಿಲ್ ಸೊನ್ನೆ. 2023ರಲ್ಲಿ ಗೃಹಜ್ಯೋತಿ ಬಂದಾಗಿನಿಂದ ನಾವು ಬಿಲ್ ಕಟ್ಟಿರಲಿಲ್ಲ.

ಗೃಹಜ್ಯೋತಿ ಅಂದರೆ 200 ಯೂನಿಟ್ ಉಚಿತ ಅಂತ ಎಲ್ಲರೂ ಮಾತಿಗೆ ಹೇಳುತ್ತಾರೆ. ನಿಯಮ ಬೇರೆ ಥರ ಇದೆ. ಪ್ರತಿ ಮನೆಗೂ 2022-23ರಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಯೂನಿಟ್ ಖರ್ಚಾಗಿತ್ತೋ ಅದಕ್ಕೆ ಶೇ 10 ಸೇರಿಸಿ, ಅಷ್ಟನ್ನು ಉಚಿತ ಮಾಡಿದ್ದಾರೆ. ತೀರಾ ಕಡಿಮೆ ಬಳಸುವ ಮನೆಗಳಿಗೆ ಆಮೇಲೆ ಶೇ 10ರ ಬದಲು 10 ಯೂನಿಟ್ ಮಾಡಿದರು. ನಮ್ಮ ಸರಾಸರಿ 118 ಇತ್ತು, ಹಾಗಾಗಿ ನಮಗೆ 130 ಯೂನಿಟ್ ಉಚಿತ. 130 ದಾಟಿ 200ರ ಒಳಗೆ ಇದ್ದರೆ ದಾಟಿದಷ್ಟಕ್ಕೆ ಮಾತ್ರ ದುಡ್ಡು. 200 ದಾಟಿದರೆ ಆ ತಿಂಗಳು ಮೊದಲ ಯೂನಿಟ್‌ನಿಂದ ಹಿಡಿದು ಇಡೀ ಬಿಲ್ ನಮ್ಮದೇ. ನಿಗದಿ ಶುಲ್ಕವೂ ಸೇರಿ.

ಕಾರಿನ 150 ಸೇರಿದರೆ ನಮ್ಮ ಮನೆ 280ಕ್ಕೆ ಹೋಗುತ್ತದೆ. ಕಾರು ಬಂದ ಮೇಲೆ ಪೂರ್ತಿ ಒಂದು ತಿಂಗಳ ಬಿಲ್ ಬಂದದ್ದು ಜನವರಿಯಲ್ಲಿ. 280 ಯೂನಿಟ್‌ಗೆ 1,652 ರೂಪಾಯಿ. ಮನೆ ಒಮ್ಮೆಗೆ ಎಷ್ಟು ಕರೆಂಟು ಎಳೆಯಬಹುದು ಅನ್ನುವ ಮಂಜೂರಾದ ಲೋಡ್ ನಮ್ಮದು ಮೂರು ಕಿಲೋವ್ಯಾಟ್, ಅದಕ್ಕೆ ಕಿಲೋವ್ಯಾಟ್‌ಗೆ 120ರಂತೆ ನಿಗದಿ ಶುಲ್ಕ 360. ತೆರಿಗೆ 149. ಒಟ್ಟು 2,160ರ ಹತ್ತಿರ. ಇಂಧನ ಹೊಂದಾಣಿಕೆ ಅಂತ ತಿಂಗಳು ತಿಂಗಳು ಹೆಚ್ಚು ಕಡಿಮೆ ಆಗುವ ಸಾಲೊಂದು ಇರುತ್ತದೆ, ಅದನ್ನು ಇಲ್ಲಿ ಬಿಟ್ಟಿದ್ದೇನೆ.

ಸೊನ್ನೆ ಇದ್ದ ಕಡೆ 2,160. ಮನೆಯಲ್ಲಿ ಹೊಸದಾಗಿ ಬಂದದ್ದು ಕಾರು ಒಂದೇ. ಹಾಗಾದರೆ ಈ 2,160 ಪೂರ್ತಿ ಕಾರಿನ ಖರ್ಚು ಅಲ್ವಾ? 1,200ರಿಂದ ಭಾಗಿಸಿದರೆ ಕಿಲೋಮೀಟರ್‌ಗೆ 1 ರೂಪಾಯಿ 80 ಪೈಸೆ. ಮೊದಲು ಲೆಕ್ಕ ಹಾಕಿದ 80 ಪೈಸೆಯ ಎರಡು ಪಟ್ಟಿಗೂ ಜಾಸ್ತಿ.

ಅತ್ತೆ ಬಿಲ್ ನೋಡಿ ಬಹಳ ಬೇಜಾರು ಮಾಡಿಕೊಂಡರು. ಅವರಿಗೆ ಸೊನ್ನೆ ಬಿಲ್ ಅಂದರೆ ಒಂದು ಹೆಮ್ಮೆ. ಫ್ಯಾನು ಲೈಟು ಆರಿಸುತ್ತಾ, 130ರ ಒಳಗೆ ಮನೆಯನ್ನು ಇಟ್ಟುಕೊಂಡು ಬಂದವರು ಅವರು. "ನಾನು ಉಳಿಸಿದ್ದೆಲ್ಲ ಒಂದೇ ತಿಂಗಳಲ್ಲಿ ಹೋಯ್ತಲ್ಲಮ್ಮ" ಅಂದರು. ಪೆಟ್ರೋಲಿನ ಎಂಟು ಸಾವಿರ ಉಳಿದಿದೆ ಅಂತ ನಾನು ಹೇಳಿದೆ. ಅದೂ ನಿಜವೇ. ಆದರೆ ಅವರ ಮಾತಿನಲ್ಲಿ ನ್ಯಾಯ ಇತ್ತು. ಪೆಟ್ರೋಲ್ ಉಳಿಯಿತು ಅಂತ, ಕೈಯಲ್ಲಿದ್ದ ಉಚಿತ ಕರೆಂಟನ್ನು ಯಾಕೆ ಬಿಡಬೇಕು?

ಆ 200ರ ಗೆರೆ ಎಷ್ಟು ಚೂಪಾಗಿದೆ ಅಂತ ಆಮೇಲೆ ಲೆಕ್ಕ ಹಾಕಿದೆ. ಇದಕ್ಕೆ 2025ರ ಏಪ್ರಿಲ್‌ನಿಂದ ಬಂದ ಹೊಸ ದರವನ್ನೇ ತಗೊಳ್ಳುತ್ತೇನೆ. ಯೂನಿಟ್‌ಗೆ 10 ಪೈಸೆ ಇಳಿದು 5.80 ಆಯಿತು. ಆದರೆ ನಿಗದಿ ಶುಲ್ಕ ಕಿಲೋವ್ಯಾಟ್‌ಗೆ 120ರಿಂದ 145ಕ್ಕೆ ಏರಿತು. ವಿದ್ಯುತ್ ಕಂಪನಿಗಳ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಗೆ ಅಂತ ಯೂನಿಟ್‌ಗೆ 36 ಪೈಸೆ ಹೊಸದಾಗಿ ಸೇರಿತು. ದರ ಇಳಿಯಿತು ಅಂತ ಸುದ್ದಿ ಓದಿ ಖುಷಿಪಟ್ಟಿದ್ದವರಿಗೆ ಬಿಲ್ ಬಂದಾಗ ಜಾಸ್ತಿಯೇ ಕಂಡಿತು.

ನಮ್ಮ ಮನೆ ಒಂದು ತಿಂಗಳು ಸರಿಯಾಗಿ 200 ಯೂನಿಟ್‌ಗೆ ನಿಂತರೆ 70 ಯೂನಿಟ್‌ಗೆ ಮಾತ್ರ ಕಟ್ಟಬೇಕು. ಎಲ್ಲ ಸೇರಿ 468 ರೂಪಾಯಿ. 201 ಆದರೆ 201ಕ್ಕೂ ಕಟ್ಟಬೇಕು, ಜೊತೆಗೆ ನಿಗದಿ ಶುಲ್ಕ 435. ಒಟ್ಟು 1,778. ಆ ಒಂದು ಯೂನಿಟ್‌ನ ಬೆಲೆ 1,300 ರೂಪಾಯಿ! ನಾನು ಇದನ್ನು ಕಾಗದದ ಮೇಲೆ ಬರೆದು ಊಟದ ಹೊತ್ತಿಗೆ ಸಹೋದ್ಯೋಗಿಗಳಿಗೆ ತೋರಿಸಿದೆ. ಯಾರೂ ಹೀಗೆ ಯೋಚನೆ ಮಾಡಿರಲಿಲ್ಲ. ಎಲ್ಲರೂ ಯೂನಿಟ್ ದರ ಮಾತ್ರ ನೋಡುತ್ತಾರೆ. ಮನೆ ಆ ಗೆರೆಯಿಂದ ಎಷ್ಟು ದೂರದಲ್ಲಿದೆ ಅನ್ನುವುದನ್ನು ನೋಡಬೇಕು.

ಗೆರೆಯ ಒಳಗೆ ಇರಲು ಸಾಧ್ಯವಾ ಅಂತ ಮೊದಲು ನೋಡಿದೆವು. 200ರಲ್ಲಿ ಮನೆಯ 130 ಕಳೆದರೆ ಕಾರಿಗೆ ಉಳಿಯುವುದು 70 ಯೂನಿಟ್, 560 ಕಿಲೋಮೀಟರ್. ನನ್ನ ಓಡಾಟದ ಅರ್ಧವೂ ಅಲ್ಲ. ಮಿಕ್ಕದ್ದನ್ನು ಹೊರಗಿನ ಫಾಸ್ಟ್ ಚಾರ್ಜರ್‌ಗಳಲ್ಲಿ ತುಂಬಿಸಬಹುದು. ಆದರೆ ಖಾಸಗಿ ಚಾರ್ಜರ್‌ಗಳಲ್ಲಿ ಶೇ 18 ಜಿಎಸ್‌ಟಿ ಸೇರಿ ಯೂನಿಟ್‌ಗೆ ಇಪ್ಪತ್ತು ರೂಪಾಯಿ ಆಸುಪಾಸು ಬೀಳುತ್ತದೆ. ಅಲ್ಲಿ ಉಳಿಸಿದ್ದು ಇಲ್ಲಿ ಹೋಗುತ್ತದೆ. ಜೊತೆಗೆ ದಿನಾ ಕೆಲಸ ಮುಗಿಸಿ ಬಂದು ಚಾರ್ಜರ್ ಮುಂದೆ ಕಾಯುವವರು ಯಾರು?

ಸೋಲಾರ್ ಬಗ್ಗೆಯೂ ವಿಚಾರಿಸಿದೆವು. ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ಸಬ್ಸಿಡಿ ಇದೆ. ನಮ್ಮ ಮನೆಯ ಪಕ್ಕದಲ್ಲಿ ಮೂರು ಅಂತಸ್ತಿನ ಕಟ್ಟಡ ಎದ್ದಿದೆ. ಮಧ್ಯಾಹ್ನ ಎರಡು ಗಂಟೆಗೇ ತಾರಸಿ ಮೇಲೆ ನೆರಳು. ಅದನ್ನು ಅಲ್ಲಿಗೇ ಬಿಟ್ಟೆವು.

ಉಳಿದದ್ದು ಪ್ರತ್ಯೇಕ ಮೀಟರ್. ಇದು ಸಾಧ್ಯ ಅಂತಲೇ ಬಹಳ ಜನಕ್ಕೆ ಗೊತ್ತಿಲ್ಲ. ಮನೆಯ ಮೀಟರ್‌ನಿಂದ ಕಾರು ಚಾರ್ಜ್ ಮಾಡುವುದೇ ತಪ್ಪು, ಅದು ಕಮರ್ಷಿಯಲ್ ಆಗುತ್ತದೆ ಅಂತ ಹೆದರಿಸುವವರೂ ಇದ್ದಾರೆ. ಅದು ಸರಿಯಲ್ಲ. ಇರುವ ಮನೆ ಸಂಪರ್ಕದಿಂದಲೇ ಸ್ವಂತ ಗಾಡಿ ಚಾರ್ಜ್ ಮಾಡಬಹುದು ಅಂತ ಕೇಂದ್ರದ ಇಂಧನ ಸಚಿವಾಲಯ 2022ರ ಜನವರಿಯ ಮಾರ್ಗಸೂಚಿಯಲ್ಲೇ ಹೇಳಿದೆ. ಬೇಕಿದ್ದವರಿಗೆ ಗಾಡಿಗೆ ಅಂತಲೇ ಬೇರೆ ಸಂಪರ್ಕ ಕೊಡಬೇಕು ಅಂತ 2024ರ ಫೆಬ್ರವರಿಯಲ್ಲಿ ಗ್ರಾಹಕರ ಹಕ್ಕುಗಳ ನಿಯಮಕ್ಕೆ ತಿದ್ದುಪಡಿ ತಂದಿದ್ದಾರೆ. ಕರ್ನಾಟಕದಲ್ಲಿ ಅದಕ್ಕೆ ಮುಂಚೆಯೇ ದಾರಿ ಇತ್ತು. ರಾಜ್ಯದ ಕರೆಂಟ್ ದರ ನಿಗದಿ ಮಾಡುವ ಆಯೋಗ, ಕೆಇಆರ್‌ಸಿ, 2018ರಲ್ಲೇ ಎಲೆಕ್ಟ್ರಿಕ್ ಗಾಡಿಗಳ ಚಾರ್ಜಿಂಗ್‌ಗೆ ಪ್ರತ್ಯೇಕ ದರ ಮಾಡಿತ್ತು. ಅದು ದರಪಟ್ಟಿಯಲ್ಲಿ ಎಲ್‌ಟಿ-6 ಸಿ ಅಂತ ಇದೆ. 2023ರಲ್ಲಿ ಅದನ್ನು 5 ರೂಪಾಯಿಯಿಂದ 4.50ಕ್ಕೆ ಇಳಿಸಿದರು. ಮನೆಯ ದರಕ್ಕಿಂತ ಇದು ಕಡಿಮೆ.

ಮೊದಲು ಕೇಳಿದ ಕಂಟ್ರಾಕ್ಟರ್ "ಅಂಥದ್ದೆಲ್ಲ ಮನೆಗೆ ಕೊಡಲ್ಲ ಮೇಡಂ, ಬಂಕ್ ಥರ ಹಾಕೋರಿಗೆ ಮಾತ್ರ. ಬೇಕಾದ್ರೆ ಕಮರ್ಷಿಯಲ್ ಮಾಡಿಸಿಕೊಡ್ತೀನಿ" ಅಂದರು. ಕಮರ್ಷಿಯಲ್ ದರ ಮನೆ ದರಕ್ಕಿಂತ ಜಾಸ್ತಿ. ದರಪಟ್ಟಿಯ ಆ ಪುಟವನ್ನೂ ನಿಯಮದ ಪ್ರತಿಯನ್ನೂ ಪ್ರಿಂಟ್ ತೆಗೆದುಕೊಂಡು ಇನ್ನೊಬ್ಬ ಲೈಸೆನ್ಸ್ ಇರುವ ಕಂಟ್ರಾಕ್ಟರ್ ಹತ್ತಿರ ಹೋದೆ. ವಯಸ್ಸಾದವರು, ಕೆಇಬಿ ಕಾಲದಿಂದ ಈ ಕೆಲಸದಲ್ಲಿ ಇರುವವರು. ಕನ್ನಡಕ ಹಾಕಿಕೊಂಡು ಎರಡನ್ನೂ ನಿಧಾನವಾಗಿ ಓದಿದರು. "ಆಗುತ್ತಮ್ಮ, ಮಾಡೋಣ" ಅಂದರು. ಅವರ ಬಗ್ಗೆ ನನಗೆ ಇವತ್ತಿಗೂ ಗೌರವ ಇದೆ. ಗೊತ್ತಿಲ್ಲದ್ದನ್ನು ಓದಿ ತಿಳಿದುಕೊಂಡು ಹೇಳುವವರು ಸುಲಭಕ್ಕೆ ಸಿಗುವುದಿಲ್ಲ.

ಬೇಕಾದ ಕಾಗದಗಳು ಜಾಸ್ತಿ ಏನಿಲ್ಲ. ಮನೆಯ ಖಾತೆ, ಕಂದಾಯದ ರಸೀದಿ, ಆಧಾರ್, ಹಳೇ ಮೀಟರಿನ ಆರ್‌ಆರ್ ನಂಬರ್ ಇರುವ ಬಿಲ್, ಗಾಡಿಯ ಆರ್‌ಸಿ. ವೈರಿಂಗ್ ಸರಿ ಇದೆ ಅಂತ ಕಂಟ್ರಾಕ್ಟರ್ ಒಂದು ವರದಿ ಕೊಡಬೇಕು. ನಾವು ಮೊದಲೇ ಅರ್ಥಿಂಗ್ ಮಾಡಿಸಿ, ಪ್ರತ್ಯೇಕ ಲೈನ್ ಎಳೆಸಿದ್ದು ಇಲ್ಲಿ ಉಪಯೋಗಕ್ಕೆ ಬಂತು. ಅದೇ ಲೈನನ್ನು ಮನೆ ಬೋರ್ಡಿನಿಂದ ಬಿಡಿಸಿ ಹೊಸ ಮೀಟರ್ ಪೆಟ್ಟಿಗೆಗೆ ಜೋಡಿಸಿದರು. ಲೋಡ್ 4 ಕಿಲೋವ್ಯಾಟ್ ಕೇಳಿದೆವು. ಚಾರ್ಜರ್ ಎಳೆಯುವುದು ಮೂರರ ಒಳಗೇ. ಮುಂದೆ ನಮ್ಮನೆಯವರ ಸ್ಕೂಟರೂ ಎಲೆಕ್ಟ್ರಿಕ್ ಆದರೆ ಇರಲಿ ಅಂತ ಒಂದು ಜಾಸ್ತಿ ಹಾಕಿದೆವು.

ಅರ್ಜಿ ಹಾಕಿದ್ದು 2025ರ ಫೆಬ್ರವರಿ ಕೊನೆಯಲ್ಲಿ. ಬೆಸ್ಕಾಂ ವ್ಯಾಪ್ತಿಯಲ್ಲಿ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರ್ ಕಡ್ಡಾಯ ಆದದ್ದು ಫೆಬ್ರವರಿ 15ರಿಂದ. ಮುಂಚೆ ಸಿಂಗಲ್ ಫೇಸ್ ಮೀಟರ್ ಸಾವಿರದ ಆಸುಪಾಸಿಗೆ ಸಿಗುತ್ತಿತ್ತು. ಸ್ಮಾರ್ಟ್ ಮೀಟರ್‌ಗೆ ಐದು ಸಾವಿರದ ಹತ್ತಿರ. ಇದರ ಬಗ್ಗೆ ಆಗ ವಿಧಾನಸಭೆಯ ತನಕ ಗದ್ದಲ ಆಯಿತು, ನಿಮಗೂ ನೆನಪಿರಬಹುದು. ಮೀಟರ್, ಠೇವಣಿ, ಕಂಟ್ರಾಕ್ಟರ್ ಕೂಲಿ, ಪೆಟ್ಟಿಗೆ ಎಲ್ಲ ಸೇರಿ ನಮಗೆ ಹದಿಮೂರು ಸಾವಿರ ಬಿತ್ತು. ಮಾರ್ಚ್ ಮಧ್ಯದ ಹೊತ್ತಿಗೆ ಹೊಸ ಮೀಟರ್ ಗೋಡೆಗೆ ಬಂತು.

ಆಮೇಲಿನ ಬಿಲ್ಲುಗಳನ್ನು ಒಂದು ಫೈಲಿನಲ್ಲಿ ಇಟ್ಟಿದ್ದೇನೆ. ಮನೆಯ ಮೀಟರ್ ಮತ್ತೆ 130ರ ಒಳಗೆ ಬಂದು ಸೊನ್ನೆ ಆಯಿತು. ಕಾರಿನ ಮೀಟರ್‌ಗೆ ನಿಗದಿ ಶುಲ್ಕ, ತೆರಿಗೆ ಎಲ್ಲ ಸೇರಿ ತಿಂಗಳಿಗೆ 1,100 ಆಸುಪಾಸು ಬರುತ್ತಿದೆ. ಕಿಲೋಮೀಟರ್‌ಗೆ 92 ಪೈಸೆ. ಈಗ ಕೊನೆಗೂ ಆ ಒಂದು ರೂಪಾಯಿಯ ಒಳಗೆ ಬಂದಿದ್ದೇವೆ. ಒಂದೇ ಮೀಟರ್ ಇಟ್ಟುಕೊಂಡಿದ್ದರೆ ಏಪ್ರಿಲ್‌ನ ಹೊಸ ದರದಲ್ಲಿ 2,300 ದಾಟುತ್ತಿತ್ತು. ತಿಂಗಳಿಗೆ 1,200 ಉಳಿತಾಯ. ಹದಿಮೂರು ಸಾವಿರ ಒಂದು ವರ್ಷದ ಒಳಗೆ ವಾಪಸ್ ಬರುತ್ತದೆ. ಅತ್ತೆ ಈಗ ಸಂತೋಷವಾಗಿದ್ದಾರೆ. ಎರಡು ಬಿಲ್ಲುಗಳನ್ನೂ ಅವರೇ ತೆಗೆದಿಡುತ್ತಾರೆ.

ಎಲ್ಲರಿಗೂ ಪ್ರತ್ಯೇಕ ಮೀಟರ್ ಬೇಕು ಅಂತ ನಾನು ಹೇಳುವುದಿಲ್ಲ. ಕಾರು ಇಲ್ಲದೆಯೇ ನಿಮ್ಮ ಮನೆ 200 ದಾಟುತ್ತಿದ್ದರೆ ಗೃಹಜ್ಯೋತಿ ಹೋಗುವ ಮಾತೇ ಇಲ್ಲ. ನಿಮ್ಮ ಮಟ್ಟಿಗೆ ಆ 80 ಪೈಸೆಯ ಲೆಕ್ಕ ಸರಿ. ಎರಡು ದರದ ನಡುವಿನ ವ್ಯತ್ಯಾಸಕ್ಕೋಸ್ಕರ ಇನ್ನೊಂದು ನಿಗದಿ ಶುಲ್ಕ ಕಟ್ಟುವುದರಲ್ಲಿ ಅರ್ಥ ಇಲ್ಲ. ಅಂಥ ಮನೆಯ ತಾರಸಿಗೆ ಬಿಸಿಲು ಬರುತ್ತಿದ್ದರೆ ಸೋಲಾರ್ ಕಡೆಗೇ ನೋಡಿ. ಎಲೆಕ್ಟ್ರಿಕ್ ಸ್ಕೂಟರ್ ಮಾತ್ರ ಇರುವವರಿಗೂ ಈ ತಲೆನೋವಿಲ್ಲ. ಅದರ ಬ್ಯಾಟರಿ ಮೂರು ನಾಲ್ಕು ಯೂನಿಟ್‌ನದು. ತಿಂಗಳಿಗೆ ಮೂವತ್ತು ನಲವತ್ತು ಯೂನಿಟ್ ಆದರೆ ಹೆಚ್ಚು, ಬಹಳಷ್ಟು ಮನೆಗಳು ಗೆರೆಯ ಒಳಗೇ ಉಳಿಯುತ್ತವೆ. ಕಷ್ಟ ಇರುವುದು 100ರಿಂದ 180ರ ಮಧ್ಯೆ ಇರುವ ಮನೆಗೆ ಕಾರು ಬಂದಾಗ. ನಮ್ಮಂಥ ಮಧ್ಯಮ ವರ್ಗದ ಮನೆಗಳು ಬಹಳಷ್ಟು ಇರುವುದೇ ಅಲ್ಲಿ.

ಬಾಡಿಗೆ ಮನೆಯವರ ಪಾಡು ಇನ್ನೂ ಬೇರೆ. ನನ್ನ ಜೊತೆ ಕೆಲಸ ಮಾಡುವ ಹುಡುಗನೊಬ್ಬ ಮನೆ ಮಾಲೀಕರ ಮೀಟರ್‌ನಿಂದ ಚಾರ್ಜ್ ಮಾಡುತ್ತಾನೆ, ಯೂನಿಟ್‌ಗೆ 10 ರೂಪಾಯಿ ಕೊಡುತ್ತಾನೆ. ಮಾಲೀಕರು ದುಡ್ಡು ಮಾಡುತ್ತಿದ್ದಾರೆ ಅಂತ ಅವನಿಗೆ ಮೊದಲು ಸಿಟ್ಟಿತ್ತು. ಅವನ ಕಾರಿನಿಂದ ಮಾಲೀಕರ ಮನೆ 200 ದಾಟಿ, ಅವರ ಗೃಹಜ್ಯೋತಿ ಹೋಗಿದೆ ಅಂತ ಲೆಕ್ಕ ಹಾಕಿ ತೋರಿಸಿದ ಮೇಲೆ ಸುಮ್ಮನಾದ. 10 ರೂಪಾಯಿ ಅಂದರೂ ಅವನಿಗೆ ಕಿಲೋಮೀಟರ್‌ಗೆ ಒಂದೂಕಾಲು ರೂಪಾಯಿ ಅಷ್ಟೇ. ಪೆಟ್ರೋಲಿಗೆ ನಾನು ಕೊಡುತ್ತಿದ್ದದ್ದು ಆರೂಮುಕ್ಕಾಲು ರೂಪಾಯಿ.

ದೂರದ ಪ್ರಯಾಣದಲ್ಲಿ ಖರ್ಚು ಜಾಸ್ತಿ ಆಗುತ್ತದೆ, ಅದನ್ನೂ ಹೇಳಬೇಕು. ಶಿವಮೊಗ್ಗದ ಕಡೆ ಹೋದರೆ ದಾರಿಯಲ್ಲಿ ತಿಪಟೂರು ಅಥವಾ ಅರಸೀಕೆರೆ ಹತ್ತಿರ ಒಮ್ಮೆ ಫಾಸ್ಟ್ ಚಾರ್ಜರ್‌ಗೆ ಹಾಕುತ್ತೇವೆ. ಅಲ್ಲಿ ತುಂಬಿಸಿದ್ದಕ್ಕೆ ಕಿಲೋಮೀಟರ್‌ಗೆ ಎರಡೂವರೆ ರೂಪಾಯಿ ಹತ್ತಿರ ಬೀಳುತ್ತದೆ. ಯಾವಾಗಲೋ ಒಮ್ಮೆ ಹೋಗುವವರಿಗೆ ಅದು ಭಾರ ಅಲ್ಲ. ದಿನದ ಓಡಾಟ ಮನೆಯ ಚಾರ್ಜ್‌ನಲ್ಲಿ ನಡೆಯಬೇಕು, ಅಷ್ಟೇ. ಮನೆಯಲ್ಲಿ ಚಾರ್ಜ್ ಮಾಡಲು ಜಾಗ ಇಲ್ಲದವರಿಗೆ ನಾನು ಕಾರು ತಗೊಳ್ಳಿ ಅಂತ ಹೇಳುವುದಿಲ್ಲ.

ನಮ್ಮ ಹಿಂದಿನ ಬೀದಿಯಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು ಇದ್ದಾರೆ. ನಮ್ಮ ಕಾರು ನೋಡಿ ಅವರೂ ಬೇಸಿಗೆಯಲ್ಲಿ ಒಂದು ತಗೊಂಡರು. ಪ್ರತ್ಯೇಕ ಮೀಟರ್‌ಗೆ ಅರ್ಜಿ ಹಾಕಲು ಹೋದಾಗ ನಿಯಮ ಬದಲಾಗಿತ್ತು. ಸ್ವಾಧೀನಾನುಭವ ಪತ್ರ, ಅಂದರೆ ಕಟ್ಟಡ ನಕ್ಷೆಯ ಪ್ರಕಾರ ಇದೆ, ವಾಸ ಮಾಡಬಹುದು ಅಂತ ಸ್ಥಳೀಯ ಆಡಳಿತ ಕೊಡುವ ಓಸಿ, ಇಲ್ಲದ ಕಟ್ಟಡಕ್ಕೆ ಕರೆಂಟ್, ನೀರಿನ ಸಂಪರ್ಕ ಕೊಡಬಾರದು ಅಂತ ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿತ್ತು. ಅದನ್ನು ಪಾಲಿಸುವಂತೆ ರಾಜ್ಯದಲ್ಲೂ ಸೂಚನೆ ಬಂದು, ಹೊಸ ಸಂಪರ್ಕ ಕೇಳಿದ ಸಾವಿರಾರು ಮನೆಗಳು ಕಾಯುವಂತಾಯಿತು. ಮೇಷ್ಟ್ರ ಮನೆ ಕಟ್ಟಿದ ಕಾಲದಲ್ಲಿ ಆ ಪತ್ರ ಯಾರೂ ಕೇಳುತ್ತಿರಲಿಲ್ಲ. ಅವರ ಹತ್ತಿರ ಇಲ್ಲ.

ಹಾಗಾಗಿ ಅವರಿಗೆ ಒಂದೇ ಮೀಟರ್‌ನಲ್ಲಿ ನಡೆಸುವ ದಾರಿ ಹುಡುಕಿಕೊಟ್ಟೆ. ಅವರ ಮನೆಯ ಉಚಿತ ಮಿತಿ 120 ಯೂನಿಟ್. 200ರವರೆಗೆ ಕಾರಿಗೆ 80 ಸಿಗುತ್ತದೆ, ಅಂದರೆ 640 ಕಿಲೋಮೀಟರ್. ಅವರು ಓಡಿಸುವುದೇ ಅಷ್ಟು. ಮೀಟರ್ ರೀಡರ್ ಬರುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿದ್ದಾರೆ. ಹಾಲಿನ ಲೆಕ್ಕ ಬರೆಯುವ ಅದೇ ಕ್ಯಾಲೆಂಡರಿನಲ್ಲಿ ವಾರಕ್ಕೊಮ್ಮೆ ಮೀಟರ್ ಎಷ್ಟಿದೆ ಅಂತ ಬರೆಯುತ್ತಾರೆ. 190 ಹತ್ತಿರ ಬಂದರೆ ಮನೆಯಲ್ಲಿ ಚಾರ್ಜ್ ನಿಲ್ಲಿಸಿ, ಬೆಂಗಳೂರಿನ ಮಗಳ ಮನೆಗೆ ಹೋದಾಗ ಅಲ್ಲಿನ ಅಪಾರ್ಟ್‌ಮೆಂಟ್‌ನಲ್ಲಿ ತುಂಬಿಸಿಕೊಂಡು ಬರುತ್ತಾರೆ. ಹೋದ ತಿಂಗಳು ರೀಡಿಂಗ್ 194ಕ್ಕೆ ನಿಂತಿತ್ತು. ಕಟ್ಟಿದ್ದು 495 ರೂಪಾಯಿ.